ಅಳತೆ ರವಕೆ

ನಾನು ಎರಡು ಸಲ ಹದಿನೆಂಟು ವರ್ಷದವಳಾಗಿದ್ದೇನೆ. ಒಂದು ಸಲ 1982ರಲ್ಲಿ, ನನ್ನ ಮದುವೆಯ ದಿನ. ಇನ್ನೊಂದು ಸಲ 1984ರಲ್ಲಿ, ಹೊಲಿಗೆ ತರಬೇತಿಯ ಅರ್ಜಿ ತುಂಬಿಸುವಾಗ. ಶಾಲೆಯ ದಾಖಲೆ ಪ್ರಕಾರ ನಾನು ಹುಟ್ಟಿದ್ದು 1968. ಲೆಕ್ಕ ನೀವೇ ಹಾಕಿಕೊಳ್ಳಿ. ನಿಜವಾಗಿ ಹದಿನೆಂಟು ತುಂಬಿದ ದಿವಸ ನಾನು ಎಲ್ಲಿದ್ದೆ, ಏನು ಮಾಡ್ತಿದ್ದೆ ಅಂತ ನನಗೇ ನೆನಪಿಲ್ಲ. ಅವತ್ತು ಯಾರೂ ಕೇಳಲಿಲ್ಲ.

ಮದುವೆಯಲ್ಲಿ ಕೇಳಿದವರು ಶಾಲೆಯ ಮೇಷ್ಟ್ರು. ಅವರಿಗೇ ಗೊತ್ತಿತ್ತು ನನ್ನ ವಯಸ್ಸು, ಹಾಜರಿ ಕೂಗಿದವರೇ ಅವರು. ಆದರೂ ಕೇಳಿದರು. ನಮ್ಮಪ್ಪ ಟವೆಲ್ಲು ಕಂಕುಳಿಗೆ ಇರುಕಿಕೊಂಡು 'ಹದ್ನೆಂಟು ತುಂಬ್ತು ಬುದ್ಧಿ' ಅಂದ. ಮೇಷ್ಟ್ರು ತಲೆಯಾಡಿಸಿ ಊಟಕ್ಕೆ ನಿಲ್ಲದೆ ಹೋದರು. 1929ರ ಶಾರದಾ ಕಾಯಿದೆಯಲ್ಲಿ ಹೆಣ್ಣಿಗೆ 14 ಅಂತ ಇದ್ದದ್ದು 1978ರಲ್ಲಿ 18 ಆಗಿತ್ತಲ್ಲ, ಆ ಸುದ್ದಿ ನಮ್ಮ ಕೇರಿಗೆ ಬಂದಿತ್ತು. ಹೇಳಬೇಕಾದ ಸುಳ್ಳಿನ ಅಂಕಿ ಬದಲಾಗಿದೆ ಅನ್ನುವಷ್ಟು ಮಟ್ಟಿಗೆ ಬಂದಿತ್ತು. ನಮ್ಮಪ್ಪನನ್ನ ನಾನು ಬಯ್ಯುವುದಿಲ್ಲ, ಅಂದರೆ ಪೂರ್ತಿಯಾಗಿ ಬಯ್ಯುವುದಿಲ್ಲ. ಮೈನೆರೆದ ಮಗಳು ಯಜಮಾನರ ಗದ್ದೆಗೆ ನಾಟಿಗೆ ಹೋದಳೆಂದರೆ ಹೊತ್ತು ಮುಳುಗಿ ಅವಳು ಮನೆಗೆ ಬರುವ ತನಕ ಅವನ ಎದೆ ನಗಾರಿ ಬಡಿದಂಗೆ ಬಡಿದುಕೊಳ್ಳುತ್ತಿತ್ತು. ಕಾಯೋಕೆ ಆಗದವನು ಕೊಟ್ಟುಬಿಟ್ಟ. ಬಾಲ್ಯವಿವಾಹದ ಬಗ್ಗೆ ಭಾಷಣ ಮಾಡುವ ಮಹನೀಯರು ಆ ಗದ್ದೆ ಬದುವಿನ ಮಾತು ಎತ್ತುವುದಿಲ್ಲ, ಅಪ್ಪ ಅವ್ವನ ಅಜ್ಞಾನದ ಮಾತು ಮಾತ್ರ ಎತ್ತುತ್ತಾರೆ.

1983ರಲ್ಲಿ ಮಗಳು ಹುಟ್ಟಿದಳು. ಗಂಡ ಅನ್ನಿಸಿಕೊಂಡವನು ಕೊಡಗಿನ ಕಾಫಿ ತೋಟಕ್ಕೆ ಹೋದವನು ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ. ಬಂದಾಗ ಕೊಡುತ್ತಿದ್ದುದಕ್ಕಿಂತ ಕುಡಿಯುತ್ತಿದ್ದುದು ಜಾಸ್ತಿ. ಆಗ ನಮ್ಮೂರಿಗೆ ಗ್ರಾಮಸೇವಕರು ಬಂದು 'ಟ್ರೈಸೆಂ' ಅಂತ ಹೇಳಿದರು. ಗ್ರಾಮೀಣ ಯುವಜನರಿಗೆ ಸ್ವಂತ ಉದ್ಯೋಗ ಕಲಿಸುವ ಯೋಜನೆ, 1979ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಆರು ತಿಂಗಳು ಹೊಲಿಗೆ ಕಲಿಸುತ್ತಾರೆ, ಕಲಿಯುವಾಗ ಸ್ಟೈಪೆಂಡು ಕೊಡುತ್ತಾರೆ, ಕಲಿತ ಮೇಲೆ ಮಿಷನ್ನಿಗೆ ಸಾಲ ಕೊಡಿಸುತ್ತಾರೆ. ವಯಸ್ಸು ಮಾತ್ರ 18ರಿಂದ 35ರ ಒಳಗಿರಬೇಕು. ಗುಮಾಸ್ತ ನನ್ನ ಮುಖ ನೋಡಿದ, ಸೊಂಟದ ಮೇಲಿದ್ದ ಕೂಸು ನೋಡಿದ. 'ಹದಿನೆಂಟು' ಅಂದೆ. ಕೂಸು ಇದ್ದ ಮೇಲೆ ಹದಿನೆಂಟು ಆಗಿರಲೇಬೇಕು ಅನ್ನುವಂತೆ ಬರೆದುಕೊಂಡ. ಹೀಗೆ ನಮ್ಮ ರಾಜ್ಯದ ಕಡತಗಳಲ್ಲಿ ಹದಿನಾರರ ತಾಯಿ ಅನ್ನುವವಳು ಇಲ್ಲವೇ ಇಲ್ಲ. ಅವಳು ಹೆಡತಿಯಾಗುವಾಗಲೂ ಹದಿನೆಂಟು, ಹೆರುವಾಗಲೂ ಹದಿನೆಂಟು, ಬೇಡುವಾಗಲೂ ಹದಿನೆಂಟು.

ತರಬೇತಿ ಕೇಂದ್ರ ಇದ್ದದ್ದು ತಾಲ್ಲೂಕಿನ ಪೇಟೆಯಲ್ಲಿ, ಒಂದು ಹಳೇ ಹೆಂಚಿನ ಮನೆ. ಎಂಟು ಮಿಷನ್ನು, ಇಪ್ಪತ್ತಮೂರು ಹುಡುಗಿಯರು. ಗೋಡೆ ಮೇಲೆ ಸುಣ್ಣದಲ್ಲಿ ನಾಲ್ಕು ನಿಯಮ ಬರೆದಿದ್ದರು. ಮೂರು ಮರೆತುಹೋಗಿವೆ. ಒಂದು ಮಾತ್ರ ನೆನಪಿದೆ: ಮಕ್ಕಳನ್ನು ಕರೆತರಕೂಡದು.

ಇದನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇವತ್ತಿಗೂ ಯೋಜನೆ ಬರೆಯುವವರಿಗೆ ಅರ್ಥವಾಗದೆ ಉಳಿದಿರುವುದು ಇದೇ. ಕೂಸಿಗೆ ಹನ್ನೊಂದು ತಿಂಗಳು. ಮೊಲೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಕ್ಲಾಸು, ಸಂಜೆ ನಾಲ್ಕೂವರೆಗೆ ಬಿಡುವುದು. ನಮ್ಮವ್ವ ಕೂಸನ್ನ ಎತ್ತಿಕೊಂಡು ನನ್ನ ಜೊತೆ ಬಸ್ಸು ಹತ್ತಿ ಬಂದು ಕೇಂದ್ರದ ಎದುರು ಹೊಂಗೆ ಮರದ ಬುಡದಲ್ಲಿ ಕೂತಿರುತ್ತಿದ್ದಳು. ಕೂಸು ಅತ್ತರೆ ಒಳಗಿದ್ದ ನನಗೆ ಕೇಳುತ್ತಿತ್ತು. ಕಿವಿಗೆ ಕೇಳುವ ಮುಂಚೆ ಎದೆಗೆ ಕೇಳುತ್ತಿತ್ತು ಅನ್ನಿ. ರವಕೆ ನೆನೆದುಹೋಗೋದು. ಸೆರಗು ಹೊದ್ದು ಬಗ್ಗಿ ಪೆಡಲ್ ತುಳಿಯುತ್ತಿದ್ದೆ. ಪಕ್ಕದವಳು 'ವಾಸನೆ ಬತ್ತದೆ' ಅಂತ ಕುರ್ಚಿ ಸರಿಸಿಕೊಂಡಳು. ಹಾಲಿನ ವಾಸನೆಗೋ, ಕೇರಿಯ ವಾಸನೆಗೋ, ನಾನು ಕೇಳಲಿಲ್ಲ. ಮಧ್ಯಾಹ್ನದ ಅರ್ಧ ಗಂಟೆ ಬಿಡುವಿನಲ್ಲಿ ಹೊರಗೆ ಓಡಿ ಬಂದು ಹಾಲು ಕೊಡುವಾಗ ನಮ್ಮವ್ವ ತನ್ನ ಪಾಲಿನ ಮುದ್ದೆ ಮುರಿದು ನನ್ನ ಬಾಯಿಗೆ ಇಡುತ್ತಿದ್ದಳು. ನಾನು ಕೂಸಿಗೆ ಉಣಿಸೋದು, ಅವಳು ನನಗೆ ಉಣಿಸೋದು. ಆ ಮರದ ಕೆಳಗೆ ಕೂತಿದ್ದವರಲ್ಲಿ ಯಾರು ತಾಯಿ ಯಾರು ಮಗಳು ಅಂತ ನೋಡಿದವರಿಗೆ ಅನುಮಾನ ಬರಬೇಕಿತ್ತು.

ಈಗ ಲೆಕ್ಕ ಹೇಳ್ತೀನಿ. ಆಗ ಹೆಣ್ಣಾಳಿಗೆ ದಿನಕ್ಕೆ ಐದು ರೂಪಾಯಿ ಕೂಲಿ ನಮ್ಮ ಕಡೆ. ನಮ್ಮವ್ವ ಆರು ತಿಂಗಳು ಕೂಲಿ ಬಿಟ್ಟಳು. ಸ್ಟೈಪೆಂಡು ತಿಂಗಳಿಗೊಮ್ಮೆ ಅಂತ ಹೇಳಿದ್ದು ಮೂರು ತಿಂಗಳಿಗೊಮ್ಮೆ ಬರೋದು, ಅದರಲ್ಲೂ 'ದಾರ, ಬಟ್ಟೆ, ಎಣ್ಣೆ' ಅಂತ ಹಿಡಿದುಕೊಂಡು ಕೊಡೋರು. ಬಂದ ಸ್ಟೈಪೆಂಡು ಬಸ್ ಚಾರ್ಜಿಗೆ ಆಯ್ತು. ಹಾಗಾದರೆ ನನ್ನ ತರಬೇತಿಗೆ ದುಡ್ಡು ಹಾಕಿದವರು ಯಾರು? ಸರ್ಕಾರ ಅಂತ ಬೋರ್ಡಿನ ಮೇಲೆ ಇತ್ತು. ಹಾಕಿದ್ದು ಹೊಂಗೆ ಮರದ ಕೆಳಗೆ ಕೂತಿದ್ದ ಹೆಬ್ಬೆಟ್ಟಿನ ಹೆಂಗಸು. ಅವ್ವ ಇಲ್ಲದ ಹುಡುಗಿಯರು, ಅವ್ವ ಕೂಲಿ ಬಿಡಲಾಗದ ಹುಡುಗಿಯರು ಅರ್ಧಕ್ಕೇ ನಿಂತರು. ಇಪ್ಪತ್ತಮೂರರಲ್ಲಿ ಕೂಸಿದ್ದವರು ಐದು ಜನ. ಕೊನೆ ತನಕ ಉಳಿದವಳು ನಾನೊಬ್ಬಳೇ. ಉಳಿದ ನಾಲ್ವರ ಹೆಸರಿನ ಮುಂದೆ 'ಆಸಕ್ತಿ ಇಲ್ಲ' ಅಂತ ಬರೆದಿದ್ದನ್ನ ನಾನೇ ನೋಡಿದೆ.

ಕೆಲಸ ಕಲಿತೆ. ಅದರಲ್ಲಿ ಮೋಸ ಇಲ್ಲ. ಕಂದು ಕಾಗದದ ಮೇಲೆ ಎದೆ ಸುತ್ತಳತೆಯ ನಾಲ್ಕನೇ ಒಂದು ಭಾಗ, ಅದಕ್ಕೆ ಸಡಿಲು, ಹೊಲಿಗೆಗೆ ಮಾರ್ಜಿನ್ನು, ಕಂಕುಳ ತಿರುವು, ಡಾರ್ಟು ಎಲ್ಲಿ ಮುಗಿಯಬೇಕು, ಅಡ್ಡ ಬಟ್ಟೆ ಯಾಕೆ ಎಳೆಯುತ್ತದೆ, ಕೊರಳಿಗೆ ಪಟ್ಟಿ ಹಾಕುವಾಗ ಕತ್ತರಿಯಿಂದ ಎಲ್ಲಿ ಕಚ್ಚು ಕೊಡಬೇಕು. ಒಂಬತ್ತನೇ ಕ್ಲಾಸಿಗೆ ಬಿಟ್ಟ ಗಣಿತ ಇಲ್ಲಿ ಮತ್ತೆ ಸಿಕ್ಕಿತು. ನನಗೆ ಅದು ಖುಷಿ ಕೊಟ್ಟಿತು ಅಂತ ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ ಆಗುತ್ತೆ, ಯಾಕೋ ಗೊತ್ತಿಲ್ಲ. ಮೊದಲನೇ ರವಕೆ ನಮ್ಮವ್ವನಿಗೆ ಹೊಲಿದೆ. ತೋಳು ಒಂದು ಉದ್ದ ಒಂದು ಗಿಡ್ಡ ಆಗಿತ್ತು. ಅದನ್ನೇ ಹಬ್ಬಕ್ಕೆ ಹಾಕಿಕೊಂಡಳು.

ಮಿಷನ್ನು ಬಂತು, ಬ್ಯಾಂಕಿನ ಸಾಲದಲ್ಲಿ. ಗುಡಿಸಲ ಬಾಗಿಲಲ್ಲಿ ಬೆಳಕು ಬೀಳುವ ಕಡೆ ಇಟ್ಟುಕೊಂಡು ಕೂತೆ. ಈಗ ಕೇಳಿ.

ನಮ್ಮ ಕೇರಿಯಲ್ಲಿ ನಲವತ್ತು ಮನೆ. ಹೆಂಗಸರಿಗೆ ವರ್ಷಕ್ಕೆ ಒಂದು ರವಕೆ, ಎರಡಾದರೆ ಅದು ಮದುವೆ ಇದ್ದ ವರ್ಷ. ದುಡ್ಡು ಕೊಡುವ ಗಿರಾಕಿ ಇದ್ದದ್ದು ಊರಿನಲ್ಲಿ. ಊರಿನ ಹೆಂಗಸರು ಕೇರಿಗೆ ಬರುತ್ತಾರೆಯೇ? ಬರಲ್ಲ. ನಾನೇ ಅವರ ಮನೆಗೆ ಹೋದರೆ? ಹೋದೆ. ಟೇಪು ಕೊರಳಿಗೆ ಹಾಕಿಕೊಂಡು, ಪೇಟೆ ಟೈಲರಮ್ಮನ ಥರ. ಜಗಲಿಯ ಕೆಳಗೆ ನಿಂತೆ. ಒಳಗಿಂದ ಒಂದು ಹಳೇ ರವಕೆ ಮತ್ತು ಬಟ್ಟೆ ಪೀಸು ಜಗಲಿಯಿಂದ ನನ್ನ ಸೆರಗಿಗೆ ಬಿತ್ತು. 'ಇದೇ ಅಳತೆಗೆ ಹೊಲಿ.' ಟೇಪು ಯಾಕೆ ಬೇಕು? ಟೇಪು ಹಿಡಿಯುವುದೆಂದರೆ ಮೈ ಮುಟ್ಟುವುದು. ಅಳತೆ ರವಕೆ ಕೊಟ್ಟರೆ ಮುಟ್ಟುವ ಪ್ರಮೇಯ ಇಲ್ಲ. ಹೊಲಿದ ಬಟ್ಟೆ ಹೊಸ್ತಿಲ ಹೊರಗೆ ಇಟ್ಟು ಬಂದರೆ ಅದರ ಮೇಲೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳೋರು. ನಮ್ಮ ಅಪ್ಪಂದಿರು ಹೊಲಿದ ಚರ್ಮ ಮೆಟ್ಟುತ್ತಿದ್ದರು, ಕಾಲಲ್ಲವೇ, ನಡೆಯುತ್ತೆ. ರವಕೆ ಎದೆಗೆ ಬರುವುದು.

ಆರು ತಿಂಗಳು ನಾನು ಕಲಿತದ್ದು ಅಳತೆ ತೆಗೆಯುವುದನ್ನ. ಅದನ್ನ ಬಿಟ್ಟು ಮಿಕ್ಕದ್ದೆಲ್ಲ ಮಾಡಲು ನನಗೆ ಅನುಮತಿ ಇತ್ತು. ಅಳತೆ ರವಕೆ ಐದು ವರ್ಷ ಹಳೇದು, ಉಟ್ಟವಳು ಅಷ್ಟರಲ್ಲಿ ಎರಡು ಹೆತ್ತು ಮೈ ತುಂಬಿಕೊಂಡಿದ್ದಾಳೆ. ಹೊಲಿದದ್ದು ಬಿಗಿ ಆಯ್ತು. 'ಆ ಹುಡುಗಿಗೆ ಸರಿಯಾಗಿ ಬರಲ್ಲ' ಅಂತ ಊರಲ್ಲಿ ಮಾತಾಯ್ತು. ಕೂಲಿ ಅಂತ ಒಂದು ಸೇರು ರಾಗಿ, ಇಲ್ಲ ಅಂದ್ರೆ 'ಆಮೇಲೆ ಕೊಡ್ತೀವಿ'. ಆ 'ಆಮೇಲೆ' ಇನ್ನೂ ಬಂದಿಲ್ಲ. ಕೊನೆಗೆ ಆ ಮಿಷನ್ನಿನಲ್ಲಿ ನಾನು ಹೊಲಿದದ್ದು ಕೌದಿ, ಗೊಬ್ಬರದ ಚೀಲದ ಬಾಯಿ, ಚುನಾವಣೆ ಬಂದಾಗ ಎರಡೂ ಪಾರ್ಟಿಯ ಬಾವುಟ.

ಒಂದು ದಿನ ಗಂಡ ಬಂದ. ಮಿಷನ್ನಿನ ತಲೆ ಬಿಚ್ಚಿ ಗೋಣಿಯಲ್ಲಿ ಸುತ್ತಿ ಹೆಗಲ ಮೇಲಿಟ್ಟುಕೊಂಡು ಹೋಗಿ ಅಡವಿಟ್ಟು ಕುಡಿದ. ಬ್ಯಾಂಕಿನ ನೋಟೀಸು ಮಾತ್ರ ನನ್ನ ಹೆಸರಿಗೆ ಬಂತು. ಸಾಲಕ್ಕೆ ನಾನು ಹದಿನೆಂಟು ದಾಟಿದವಳು ತಾನೆ.

ಆ ನೋಟೀಸು ಸೆರಗಿನಲ್ಲಿ ಕಟ್ಟಿಕೊಂಡು ಕೂಸು ಎತ್ತಿಕೊಂಡು ಪೇಟೆಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ವಯಸ್ಸಾದ ಸಾಬರ ಟೈಲರ್ ಅಂಗಡಿ. ಅವರು ಯಾವ ಜಾತಿ ಅಂತ ಕೇಳಲಿಲ್ಲ, ಎಷ್ಟು ವಯಸ್ಸು ಅಂತಲೂ ಕೇಳಲಿಲ್ಲ. ಒಂದು ತುಂಡು ಬಟ್ಟೆ ಕೊಟ್ಟು ನೇರವಾಗಿ ಒಂದು ಗೆರೆ ಹೊಲಿ ಅಂದರು. ಹೊಲಿದೆ. ಇನ್ನೊಂದು ಅಂದರು. ಅಷ್ಟರಲ್ಲಿ ಕೂಸು ಅಳೋಕೆ ಶುರು ಮಾಡಿತು. ನಾನು ಎದ್ದು ಹೋಗುವುದೋ ಬಿಡುವುದೋ ಅಂತ ನೋಡುತ್ತಿದ್ದರೆ ಅವರು ಒಂದು ಹಳೇ ಬೆಡ್‌ಶೀಟು ತೆಗೆದು ಕಟಿಂಗ್ ಟೇಬಲ್ಲಿನ ಮೇಲಿನ ತೊಲೆಗೆ ಎರಡು ಗಂಟು ಹಾಕಿ ಜೋಲಿ ಕಟ್ಟಿದರು. ಅಷ್ಟೇ. ಒಂದು ಭಾಷಣ ಇಲ್ಲ, ಬೋರ್ಡು ಇಲ್ಲ. ಕತ್ತರಿ ಆಡಿಸುತ್ತಾ ಮೊಣಕೈಯಲ್ಲಿ ಜೋಲಿಯನ್ನ ಒಂದು ತಳ್ಳು ತಳ್ಳೋರು. ಕಾಜಾ, ಗುಂಡಿ, ಸೀರೆಗೆ ಫಾಲು, ಲಂಗದ ನೆರಿಗೆ, ಪೀಸಿಗಿಷ್ಟು ಅಂತ ಶನಿವಾರ ಸಂಜೆ ಎಣಿಸಿ ನನ್ನ ಕೈಗೇ ಕೊಡೋರು. ನನ್ನ ಗಂಡ ಬಂದು ಕೇಳಿದಾಗ 'ಕೆಲಸ ಮಾಡಿದ್ದು ನೀನಾ?' ಅಂದರು. ಆ ಅಂಗಡಿಯಲ್ಲಿ ನಾನು ಟೇಪು ಹಿಡಿದೆ. ಪೇಟೆಯ ಹೆಂಗಸರು ಕೈ ಎತ್ತಿ ನಿಂತು ಅಳತೆ ಕೊಟ್ಟರು. ಕೆಲವರು 'ಯಾವೂರಮ್ಮ, ಯಾರ ಪೈಕಿ' ಅಂತ ಶುರು ಮಾಡಿದರೆ ಅವರೇ ಒಳಗಿಂದ 'ಅರ್ಜೆಂಟ್ ಇದೆ ಬೇಗ ಅಳತೆ ತಗೋ' ಅಂತ ಕೂಗಿಬಿಡೋರು. ಹದಿನೇಳು ವರ್ಷ ಅಲ್ಲಿ ಕೆಲಸ ಮಾಡಿದೆ. ಬ್ಯಾಂಕಿನ ಸಾಲ ತೀರಿಸಿದೆ, ಮಗಳನ್ನ ಓದಿಸಿದೆ. ಅವಳು ಈಗ ನರ್ಸು. ಗಂಡನ ಕಥೆ ಇಲ್ಲಿ ಬೇಡ.

ಈ ಜೋಲಿಯ ಮಾತನ್ನ ತಲೆಯಲ್ಲಿಟ್ಟುಕೊಂಡೇ ನಾನು 2007ರಲ್ಲಿ ಒಂದು ಸಂಸ್ಥೆಯ ತರಬೇತಿ ಕೇಂದ್ರಕ್ಕೆ ಹೊಲಿಗೆ ಟೀಚರ್ ಆಗಿ ಸೇರಿದ್ದು. ಸಂಸ್ಥೆಯ ಹೆಸರು ಬೇಡ. ಟ್ರೈಸೆಂ ಅಷ್ಟರಲ್ಲಿ ಇರಲಿಲ್ಲ, 1999ರಲ್ಲಿ ಅದನ್ನ ಬೇರೆ ಯೋಜನೆಯೊಳಗೆ ಸೇರಿಸಿದ್ದರು. ಹೆಸರು ಬದಲಾಗುತ್ತಿತ್ತು, ಮಿಷನ್ನು ಅದೇ, ಬರುವ ಹುಡುಗಿಯರೂ ಅವರೇ. ಹದಿನೈದು, ಹದಿನಾರು, ಹದಿನೇಳು, ಕಂಕುಳಲ್ಲಿ ಕೂಸು. ಮೊದಲ ದಿನವೇ ನಾನು ಹಿಂದಿನ ಕೋಣೆಯ ತೊಲೆಗೆ ನಾಲ್ಕು ಜೋಲಿ ಕಟ್ಟಿಸಿದೆ. ನೋಡಲು ಬಂದ ಅಧಿಕಾರಿ 'ಏನಮ್ಮ, ಇದು ಟ್ರೈನಿಂಗ್ ಸೆಂಟರೋ ಅಂಗನವಾಡಿಯೋ?' ಅಂದರು. 'ಎರಡೂ ಸಾರ್' ಅಂದೆ. ಫೋಟೋ ತೆಗೆಯುವಾಗ ಜೋಲಿ ಕಾಣದ ಹಾಗೆ ತೆಗೆಸಿದರು.

ಅವರು ನಗೆಯಾಡಿದ ಮಾತು ಕಾನೂನಿನಲ್ಲಿ ಎಂದೋ ಬರೆದಿತ್ತು. 1948ರ ಕಾರ್ಖಾನೆ ಕಾಯಿದೆಯಲ್ಲಿ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹ ಇರಬೇಕು ಅಂತ ಬಂತು, 1976ರಲ್ಲಿ ಅದನ್ನ ಮೂವತ್ತಕ್ಕೆ ಇಳಿಸಿದರು. 2005ರ ಉದ್ಯೋಗ ಖಾತ್ರಿ ಕಾಯಿದೆಯಲ್ಲೂ ಕೆಲಸದ ಜಾಗಕ್ಕೆ ಐದು ಮಕ್ಕಳು ಬಂದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನ ಕೂಲಿ ಕೊಟ್ಟು ನೇಮಿಸಬೇಕು ಅಂತ ಬರೆದರು. 2023ರಲ್ಲಿ ನಮ್ಮ ರಾಜ್ಯ ಸರ್ಕಾರ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಅಂತ ಸಾವಿರಗಟ್ಟಲೆ ತೆರೆಯುತ್ತೇವೆ ಅಂದಿತು. ಒಳ್ಳೇದೇ. ದುಡಿಯುವ ತಾಯಿಗೆ ತೊಟ್ಟಿಲು ಬೇಕು ಅಂತ ಎಲ್ಲರಿಗೂ ಗೊತ್ತಿದೆ. ಕಲಿಯುವ ತಾಯಿಗೆ ಬೇಕು ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಇನ್ನು ವಯಸ್ಸಿನ ಕಾಲಂ. ನನ್ನ ಕಾಲದಲ್ಲಿ ಸುಳ್ಳು ಸುಲಭವಾಗಿತ್ತು. ಆಧಾರ್ ಕಾರ್ಡು ಬಂದ ಮೇಲೆ ಅದೂ ಕಷ್ಟ. ಹದಿನೆಂಟು ತುಂಬದವಳು ಸ್ವಸಹಾಯ ಸಂಘಕ್ಕೆ ಸದಸ್ಯೆ ಅಲ್ಲ. ಬ್ಯಾಂಕಿನ ಸಾಲ ಇಲ್ಲ. ಉದ್ಯೋಗ ಖಾತ್ರಿಯ ಕೂಲಿ ಇಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಾಗ ನಮ್ಮಂಥ ರಾಜ್ಯಗಳಲ್ಲಿ 19 ತುಂಬಿದವಳಿಗೆ ಮಾತ್ರ ಹೆರಿಗೆ ದುಡ್ಡು. ಆ ಷರತ್ತು ತೆಗೆದದ್ದು 2013ರಲ್ಲಿ. ಚಿಕ್ಕವಳು ಹೆತ್ತರೆ ಅಪಾಯ ಜಾಸ್ತಿ, ಅದಕ್ಕೇ ಅವಳಿಗೆ ದುಡ್ಡು ಇಲ್ಲ! ಶಿಕ್ಷೆ ಯಾರಿಗೆ ಕೊಡಬೇಕಿತ್ತು, ಯಾರಿಗೆ ಕೊಟ್ಟರು.

2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ನಮ್ಮ ರಾಜ್ಯ ತಿದ್ದುಪಡಿ ತಂದು ಅಂಥ ಮದುವೆ ಮೊದಲಿಂದಲೇ ಅಸಿಂಧು ಅಂದಿತು. 2012ರ ಪೋಕ್ಸೋ ಕಾಯಿದೆ ಬಂದ ಮೇಲೆ ಹದಿನಾರರ ಬಸುರಿ ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಸಲೇಬೇಕು. ಈ ಕಾಯಿದೆಗಳು ಬೇಡ ಅಂತ ನಾನು ಹೇಳುತ್ತಿಲ್ಲ. 1982ರಲ್ಲಿ ಇದ್ದ ಕಾಯಿದೆಯನ್ನ ಆ ಮೇಷ್ಟ್ರು ಬಾಯಿ ಬಿಟ್ಟು ಹೇಳಿದ್ದರೆ ನನ್ನ ಬದುಕು ಬೇರೆ ಇರುತ್ತಿತ್ತು. ಆದರೆ ಕಾಯಿದೆ ಬರುವ ಹೊತ್ತಿಗೆ ಕೂಸು ಹುಟ್ಟಿದ್ದರೆ? ಗಂಡನ ಮೇಲೆ ಕೇಸು ಅಂತ ಹೆದರಿ ಅತ್ತೆ ಮನೆಯವರು ಹುಡುಗಿಯನ್ನ ಒಳಗೇ ಮುಚ್ಚಿಡುತ್ತಾರೆ. ತಾಯಿ ಕಾರ್ಡಿಲ್ಲ, ಸೂಜಿ ಇಲ್ಲ, ತರಬೇತಿ ದೂರದ ಮಾತು. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ 15ರಿಂದ 19ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 5.4ರಷ್ಟು ಆಗಲೇ ತಾಯಂದಿರು ಇಲ್ಲವೇ ಬಸುರಿಯರು ಅಂತ ಬಂತು. ಅದು ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಸಿಕ್ಕ ಲೆಕ್ಕ.

2014ರಲ್ಲಿ ಬಂದ ಒಬ್ಬಳ ಮಾತು ಹೇಳಬೇಕು. ಹದಿನೇಳು ಅವಳಿಗೆ, ಕೂಸಿಗೆ ಆರು ತಿಂಗಳು. ಪಟ್ಟಿಗೆ ಸೇರಿಸಲು ಆಗಲಿಲ್ಲ. ಹಾಜರಿ ಪುಸ್ತಕದ ಹೊರಗೇ ಇಟ್ಟುಕೊಂಡು ಕಲಿಸಿದೆ, ಹಾಗಾಗಿ ವರದಿಯಲ್ಲಿ ಅವಳು ಇಲ್ಲ. ಹೊಲಿಗೆ ಅವಳಿಗೆ ಹತ್ತಲಿಲ್ಲ. ಬಟ್ಟೆ ಕೊಟ್ಟರೆ ಮಿಷನ್ನಿನ ಹೊಟ್ಟೆ ಬಿಚ್ಚಿ ಕೂರೋಳು. ಶಟಲ್ ಯಾಕೆ ಹೀಗೆ ತಿರುಗುತ್ತೆ, ಬೆಲ್ಟು ಯಾಕೆ ಜಾರುತ್ತೆ. ಕೆಟ್ಟ ಮೂರು ಮಿಷನ್ನು ಅವಳೇ ರಿಪೇರಿ ಮಾಡಿದಳು. 'ಇದೇನ್ ಟೀಚರೇ, ಎಲ್ಲರ್ಗೂ ಒಲಿಗೇನೇ ಕಲಿಸ್ತೀರಿ, ಒಲಿಸ್ಕಳೋರು ಎಲ್ಲವ್ರೆ?' ಅಂದಳು ಒಂದು ದಿನ. ಮೂವತ್ತು ವರ್ಷದಿಂದ ನಾನು ಕೇಳಿಕೊಳ್ಳದೆ ಇದ್ದ ಪ್ರಶ್ನೆ.

ನಿಜ ತಾನೆ. ಹೆಣ್ಣಿಗೆ ವೃತ್ತಿ ತರಬೇತಿ ಅಂದರೆ ಪಟ್ಟಿ ಮೊದಲೇ ಸಿದ್ಧ: ಹೊಲಿಗೆ, ಅಗರಬತ್ತಿ, ಹಪ್ಪಳ, ಉಪ್ಪಿನಕಾಯಿ, ಬ್ಯೂಟಿ ಪಾರ್ಲರು. ಯಾರೋ ಯಾವುದೋ ಜಾತಿಯ ಮನೆಯಲ್ಲಿ ಕೂತು ಮಾಡಿದ ಪಟ್ಟಿ ಇದು. ಬಿಸಿಯೂಟಕ್ಕೆ ನಮ್ಮವಳು ಸೌಟು ಹಿಡಿದರೆ ಮಕ್ಕಳನ್ನೇ ಶಾಲೆ ಬಿಡಿಸಿದ ಊರುಗಳಿವೆ ಈ ನಾಡಿನಲ್ಲಿ. ಅಲ್ಲಿ ಅವಳ ಉಪ್ಪಿನಕಾಯಿ ಯಾರು ನೆಕ್ಕುತ್ತಾರೆ? ರವಕೆ ಮೈಗೆ ಹೋಗುವುದು, ಉಪ್ಪಿನಕಾಯಿ ಬಾಯಿಗೆ ಹೋಗುವುದು, ಪಾರ್ಲರಿನಲ್ಲಿ ಮುಖವನ್ನೇ ಮುಟ್ಟಬೇಕು. ಮುಟ್ಟಿಸಿಕೊಳ್ಳದ ಊರಿನಲ್ಲಿ ಮುಟ್ಟುವ ಕೆಲಸವನ್ನೇ ಆರಿಸಿ ಆರಿಸಿ ಕಲಿಸಿದ್ದೇವೆ ನಮ್ಮ ಹುಡುಗಿಯರಿಗೆ. ನಾನೂ ಕಲಿಸಿದ್ದೇನೆ.

ಅವಳನ್ನ ಪೇಟೆಯ ಒಂದು ಮೋಟಾರು ವೈಂಡಿಂಗ್ ಅಂಗಡಿಗೆ ಕರೆದುಕೊಂಡು ಹೋದೆ. ಐ.ಟಿ.ಐ.ಗೆ ಸೇರಿಸೋಣವೆಂದರೆ ದಿನವಿಡೀ ಹಾಜರಿ, ಕೂಸು ಎಲ್ಲಿ ಬಿಡುವುದು. ಅಂಗಡಿಯವನು ಮೊದಲು ನಕ್ಕ. ನಾನು ಬಿಡಲಿಲ್ಲ. 'ಎರಡು ತಿಂಗಳು ಕೂಲಿ ಬೇಡ, ಜೋಲಿ ಕಟ್ಟೋಕೆ ಒಂದು ಕೊಕ್ಕೆ ಕೊಡಿ' ಅಂದೆ. ಬೇಸಿಗೆ ಕಾಲ, ರಾತ್ರಿ ಹೊತ್ತು ಬಿಡುವ ಕರೆಂಟು ಎರಡೇ ಫೇಸು ಬಂದು ಮೋಟಾರುಗಳು ಸಾಲುಸಾಲಾಗಿ ಸುಟ್ಟು ಅಂಗಡಿ ಮುಂದೆ ಬಿದ್ದಿದ್ದವು. ಸುಟ್ಟ ತಂತಿ ಕತ್ತರಿಸಿ ಕೀಳಬೇಕು, ಕಿತ್ತ ಸುರುಳಿಯಲ್ಲಿ ಎಷ್ಟು ಸುತ್ತು ಅಂತ ಎಣಿಸಬೇಕು, ತಂತಿಯ ಗೇಜು ನೋಡಬೇಕು, ಗಾಡಿಗಳನ್ನ ಉಜ್ಜಿ ಕಾಗದ ಹಾಕಿ ಅಷ್ಟೇ ಗೇಜಿನ ತಂತಿ ಅಷ್ಟೇ ಸುತ್ತು ಕೂರಿಸಬೇಕು, ಮೇಲೆ ವಾರ್ನಿಷ್ ಹೊಯ್ದು ಬಲ್ಬಿನ ಕಾವಿನಲ್ಲಿ ಒಣಗಿಸಬೇಕು. ಒಂದು ಸುತ್ತು ಎಣಿಕೆ ತಪ್ಪಬಾರದು, ಎನಾಮೆಲ್ಲಿಗೆ ಉಗುರು ತಾಗಿ ಗೀರಬಾರದು. ಅವಳ ಸಣ್ಣ ಬೆರಳುಗಳು ಗಾಡಿಯೊಳಗೆ ಸಲೀಸಾಗಿ ಹೋಗುತ್ತಿದ್ದವು. ಕೂಸು ಅತ್ತರೆ ಎಣಿಕೆ ಬಾಯಲ್ಲೇ ಇಟ್ಟುಕೊಂಡು ಕಾಲಲ್ಲಿ ಜೋಲಿ ತೂಗೋಳು, 'ನಲ್ವತ್ತೊಂದು, ನಲ್ವತ್ತೆರ್ಡು' ಅಂತ. ಕೂಸು ಅದನ್ನೇ ಜೋಗುಳ ಅಂದುಕೊಂಡು ಮಲಗಿತು.

ಹೊಂಬಾಳೆ ಒಡೆಯುವ ಹೊತ್ತಿನಲ್ಲಿ ಗದ್ದೆಗೆ ನೀರಿಲ್ಲದೆ ಓಡಿ ಬಂದ ರೈತ ಸುತ್ತಿದವರ ಜಾತಿ ಕೇಳಲಿಲ್ಲ. ಯಾವಾಗ ಕೊಡ್ತೀಯ ಅಂತ ಕೇಳಿದ. ಮೋಟಾರು ಹೋಗುವುದು ಬಾವಿಗೆ. ಅದರಲ್ಲಿ ಬಂದ ನೀರಿಗೂ ಮೈಲಿಗೆ ಹಿಡಿಯುತ್ತಾರೇನೋ ಅಂತ ನಾನು ಕಾದೆ. ಹಿಡಿಯಲಿಲ್ಲ. ಹಾಗಂತ ಜಾತಿ ಹೋಯಿತು ಅಂತ ಬರೆದರೆ ಸುಳ್ಳಾಗುತ್ತೆ. ಮೋಟಾರು ಕೂರಿಸಲು ಅವಳೇ ತೋಟಕ್ಕೆ ಹೋದರೆ ಇವತ್ತಿಗೂ ಕಾಫಿ ಪೇಪರ್ ಲೋಟದಲ್ಲಿ. ಅವಳು ಅದನ್ನ ಕುಡಿಯುವುದಿಲ್ಲ, ಮಜೂರಿಗೆ ಐವತ್ತು ಸೇರಿಸಿ ಹೇಳುತ್ತಾಳೆ. ಈಗ ಅವಳದ್ದೇ ಅಂಗಡಿ ಇದೆ. ಬಾಡಿಗೆಯದು.

ಎಲ್ಲರ ಕಥೆ ಹೀಗಿಲ್ಲ. ಕಲಿತವರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋದರು. ಬೆಳಿಗ್ಗೆ ಆರೂವರೆಗೆ ಊರ ಬಾಗಿಲಿಗೆ ವ್ಯಾನು. ಅಲ್ಲಿ ಅಳತೆ ರವಕೆ ಇಲ್ಲ, ನಿಜ, ಆದರೆ ರವಕೆಯೇ ಇಲ್ಲ. ದಿನವಿಡೀ ಕಾಲರು ಮಾತ್ರ, ಇಲ್ಲ ಜೇಬು ಮಾತ್ರ, ಗಂಟೆಗೆ ಇಷ್ಟು ಪೀಸು ಅಂತ. ಎದೆ ಹಾಲು ಶೌಚಾಲಯದಲ್ಲಿ ಹಿಂಡಿ ಚೆಲ್ಲಿ ಬರುತ್ತೇವೆ ಟೀಚರ್ ಅಂದಳು ಒಬ್ಬಳು. ಹೊಂಗೆ ಮರದ ಕೆಳಗಿನ ಅರ್ಧ ಗಂಟೆಯೂ ಅವಳಿಗಿರಲಿಲ್ಲ.

ಅವರಲ್ಲೇ ಕೆಲವರು ಬೆಂಗಳೂರಿಗೆ ಹೋದವರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ದುಡ್ಡನ್ನ 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಅಂತ 2016ರಲ್ಲಿ ಕೇಂದ್ರ ಸರ್ಕಾರ ಆಜ್ಞೆ ಹೊರಡಿಸಿದಾಗ, ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಬಂದರಲ್ಲ, ಆ ಗುಂಪಿನಲ್ಲಿ ನನ್ನ ಇಬ್ಬರು ಹುಡುಗಿಯರಿದ್ದರು. ಎರಡನೇ ದಿನ ಸಂಜೆಗೆ ಸರ್ಕಾರ ಆಜ್ಞೆ ವಾಪಸು ತೆಗೆದುಕೊಂಡಿತು. ಲಾಠಿ ಏಟು ತಿಂದವಳು ಫೋನು ಮಾಡಿ 'ಅದೊಂದೇ ಟೀಚರ್ ನನ್ನ ಹೆಸರಲ್ಲಿರೋ ದುಡ್ಡು, ಅತ್ತೆಗೂ ಗೊತ್ತಿಲ್ಲ, ಅದ್ನೂ ಇಟ್ಕಂಡ್ರೆ?' ಅಂದಳು. ಸಂಬಳದ ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿತ್ತು. ನಮ್ಮ ಸಂಸ್ಥೆಯ ವರದಿಯಲ್ಲಿ ಅವಳು 'ಆರ್ಥಿಕವಾಗಿ ಸ್ವಾವಲಂಬಿ' ಅನ್ನುವ ಕಾಲಂನಲ್ಲಿದ್ದಳು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಬಂದಾಗಲೂ ಎರಡು ಸಾವಿರ ಹೋದದ್ದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇದ್ದವಳಿಗೆ, ಅಂದರೆ ಅತ್ತೆಗೆ. ಅತ್ತೆಯೂ ಒಂದು ಕಾಲಕ್ಕೆ ಹದಿನಾರರ ತಾಯಿಯೇ, ಅವಳಿಗೆ ಸಿಕ್ಕಿದ್ದಕ್ಕೆ ಹೊಟ್ಟೆಕಿಚ್ಚಿಲ್ಲ. ಸೊಸೆಗೆ ಮಾತ್ರ ಇನ್ನೂ ಸರದಿ ಬಂದಿಲ್ಲ.

ನಾನು ನಿವೃತ್ತಿಯಾದೆ. ಆದರೂ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷನ್ನು ಇಟ್ಟುಕೊಂಡಿದ್ದೇನೆ. ಬಂದವರಿಗೆ ಹೇಳಿಕೊಡುತ್ತೇನೆ, ಬೇರೆ ಕೆಲಸ ಬೇಕೆಂದವರನ್ನ ವೈಂಡಿಂಗ್ ಅಂಗಡಿಗೆ ಕಳಿಸುತ್ತೇನೆ. ಹೋದ ತಿಂಗಳು ಒಬ್ಬಳು ಬಂದಳು. ಜೊತೆಗೆ ಅವಳ ಅವ್ವ, ಅವ್ವನ ಕಂಕುಳಲ್ಲಿ ಕೂಸು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬಂದವರ ಹೆಸರು ಬರೆದಿಡುತ್ತೇನೆ. ವಯಸ್ಸು ಎಷ್ಟು ಅಂದೆ. ಅವ್ವ 'ಹದ್ನೆಂಟು' ಅಂದಳು ತಟ್ಟನೆ. ಹುಡುಗಿ ಮಾತಾಡಲಿಲ್ಲ. ಪೆನ್ನು ಹಿಡಿದು ಸುಮ್ಮನೆ ಕೂತೆ. ಬಹಳ ಹೊತ್ತಾಯಿತು.

'ಹದಿನಾರು' ಅಂದಳು ಹುಡುಗಿ.

ಹದಿನಾರು ಅಂತಲೇ ಬರೆದೆ. ಅದನ್ನ ಬರೆದರೆ ಮುಂದೆ ಏನೇನು ಆಗಬಹುದು ಅಂತ ನನಗೂ ಗೊತ್ತಿತ್ತು, ಅವಳ ಅವ್ವನಿಗೂ ಗೊತ್ತಿತ್ತು. ಅವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ಕೂಸಿಗೆ ಎಚ್ಚರವಾಯಿತು. ಎತ್ತಿಕೊಂಡು ಜೋಲಿಯ ಹತ್ತಿರ ಹೋದೆ. ಹಗ್ಗ ಒಂದು ಕಡೆ ಸವೆದಿತ್ತು, ಬಿಚ್ಚಿ ಬೇರೆ ಕಟ್ಟಬೇಕಿತ್ತು. 'ನೀವು ಇವತ್ತು ಕೂಲಿಗೆ ಹೋಗಿ' ಅಂದೆ ಅವಳ ಅವ್ವನಿಗೆ, 'ಸಂಜೆ ಬನ್ನಿ.'